ಓದುಗರ ಪ್ರಶ್ನೆ: ಡಿಗ್ರಿ ಮುಗಿಯಿತು, ಬಾಸ್ಕೆಟ್‌ಬಾಲ್ ಇನ್ನೊಂದು ಸೀಸನ್ ಆಡಬೇಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೊಂದಲದವು. ಕಾಸರಗೋಡು ಕಡೆಯ ಕಾಲೇಜುಗಳಲ್ಲಿ ಕೊನೇ ವರ್ಷದಲ್ಲಿರುವ ಆಟಗಾರರು, ಅವರ ಮನೆಯವರು, ಅವರನ್ನು ಆಡಿಸುವ ಮೇಷ್ಟ್ರುಗಳು ಬರೆದಿದ್ದಾರೆ. ಆಯ್ದ ಆರಕ್ಕೆ ಉತ್ತರ ಇಲ್ಲಿದೆ.

ಕಣ್ಣೂರು ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಬಿ.ಕಾಂ. ಮೂರನೇ ವರ್ಷದಲ್ಲಿದ್ದೇನೆ. ಕಳೆದ ಸಲ ಯೂನಿವರ್ಸಿಟಿ ತಂಡದ ಆಯ್ಕೆ ಕ್ಯಾಂಪಿನವರೆಗೆ ಹೋದೆ, ಹನ್ನೆರಡರ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಇಲ್ಲೇ ನಾಲ್ಕನೇ ವರ್ಷ ಓದಿ ಇನ್ನೊಂದು ಸೀಸನ್ ಆಡಲೇ, ಎಂ.ಕಾಂ.ಗೆ ಮಂಗಳೂರಿಗೆ ಹೋಗಲೇ? (ಬದಿಯಡ್ಕ)

ಮೊದಲು ಒಂದು ಹಾಳೆ ತೆಗೆದುಕೊಂಡು ಕಳೆದ ಸಲದ ಹನ್ನೆರಡು ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರು ಆಡುವ ಜಾಗ ಮತ್ತು ಈಗ ಯಾವ ವರ್ಷದಲ್ಲಿದ್ದಾರೆ ಎಂದು ಗುರುತು ಹಾಕಿ. ನೀವು ಗಾರ್ಡ್ (ಚೆಂಡನ್ನು ಮುಂದಕ್ಕೆ ತಂದು ಆಟ ನಡೆಸುವವರು) ಆಗಿದ್ದು, ನಾಲ್ವರು ಗಾರ್ಡ್‌ಗಳಲ್ಲಿ ಮೂವರು ಈ ವರ್ಷ ಹೊರಗೆ ಹೋಗುವವರಾದರೆ ಉಳಿಯುವುದಕ್ಕೆ ಅರ್ಥವಿದೆ. ನಾಲ್ವರೂ ಎರಡನೇ ವರ್ಷದವರಾಗಿದ್ದರೆ ನೀವು ಇನ್ನೊಮ್ಮೆ ಕ್ಯಾಂಪಿಗೆ ಹೋಗಿ, ಇನ್ನೊಮ್ಮೆ ಬಸ್ಸು ಹತ್ತಿ ವಾಪಸು ಬರುವ ಸಂಭವವೇ ಹೆಚ್ಚು. ಬಹಳ ಮಂದಿ ಈ ಲೆಕ್ಕವನ್ನೇ ಮಾಡದೆ "ಈ ಸಲ ಖಂಡಿತ" ಎಂದು ಉಳಿದುಬಿಡುತ್ತಾರೆ.

ನಾಲ್ಕನೇ ವರ್ಷದ ದಾರಿ ಈಗ ಇರುವುದು ನಿಜ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಶುರುವಾಗಿದೆ. 133 ಕ್ರೆಡಿಟ್ ಆದಾಗ ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, 177 ಮಾಡಿದರೆ ಆನರ್ಸ್. ಆ ನಾಲ್ಕನೇ ವರ್ಷದಲ್ಲೂ ನೀವು ರೆಗ್ಯುಲರ್ ವಿದ್ಯಾರ್ಥಿಯೇ. ಟಿ.ಸಿ. ಬೇಡ, ಮೈಗ್ರೇಶನ್ ಬೇಡ, ಅದೇ ಕೋರ್ಟು, ಅದೇ ಮೇಷ್ಟ್ರು. ಮುಂದೆ ಪಿ.ಜಿ. ಒಂದೇ ವರ್ಷಕ್ಕೆ ಮುಗಿಯುವ ವ್ಯವಸ್ಥೆ ಇರುವುದರಿಂದ ಓದಿನ ಲೆಕ್ಕದಲ್ಲೂ ವರ್ಷ ಪೋಲಾಗುವುದಿಲ್ಲ. ಆದರೆ ನಿಮ್ಮ ವಿಷಯಕ್ಕೆ ನಿಮ್ಮ ಕಾಲೇಜಿನಲ್ಲೇ ನಾಲ್ಕನೇ ವರ್ಷ ನಡೆಯುತ್ತದೆಯೇ, ಪ್ರಾಜೆಕ್ಟಿನ ಕೆಲಸ ಯಾವ ತಿಂಗಳಲ್ಲಿ ಬರುತ್ತದೆ ಎಂದು ಆಫೀಸಿನಲ್ಲಿ ಈಗಲೇ ಕೇಳಿ. ಪ್ರಾಜೆಕ್ಟು ಪಂದ್ಯಗಳ ತಿಂಗಳಿಗೇ ಬಂದು ಬಿದ್ದರೆ ಎರಡೂ ಅರ್ಧಂಬರ್ಧ.

ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದಾದರೆ ಲೆಕ್ಕ ಬೇರೆ. ಮಂಗಳೂರು ವಿಶ್ವವಿದ್ಯಾಲಯದ ಅಡಿಯ ಕಾಲೇಜಿಗೆ ಸೇರಿದರೆ ನೀವು ಅಲ್ಲಿ ಹೊಸ ಮುಖ, ಅಂತರ ಕಾಲೇಜು ಪಂದ್ಯದಲ್ಲಿ ಕಣ್ಣಿಗೆ ಬಿದ್ದು ಕ್ಯಾಂಪ್ ಸೇರುವಷ್ಟರಲ್ಲಿ ಸೀಸನ್ ಮುಗಿದಿರುತ್ತದೆ. ಮಂಗಳೂರಿನ ಡೀಮ್ಡ್ ವಿಶ್ವವಿದ್ಯಾಲಯಗಳದ್ದು ಇನ್ನೊಂದು ಬಗೆ. ಸಂತ ಅಲೋಶಿಯಸ್ 2024ರಲ್ಲಿ ಡೀಮ್ಡ್ ಆಯಿತು. ನಿಟ್ಟೆ, ಯೆನೆಪೋಯ ಮೊದಲಿನಿಂದಲೂ ಇವೆ. ಡೀಮ್ಡ್ ಎಂದರೆ ಅದೇ ಒಂದು ವಿಶ್ವವಿದ್ಯಾಲಯ, ಹಾಗಾಗಿ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ತನ್ನದೇ ತಂಡ ಕಳಿಸಬಹುದು. ನಮ್ಮ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಇದೇ ಮಾತು. ಹತ್ತಾರು ಕಾಲೇಜುಗಳಿಂದ ಹನ್ನೆರಡು ಮಂದಿಯನ್ನು ಆರಿಸುವ ಬದಲು ಒಂದೇ ಕ್ಯಾಂಪಸ್ಸಿನಿಂದ ಆರಿಸುತ್ತಾರೆ. ಪೆರಿಯದಲ್ಲಿ ಎಂ.ಕಾಂ. ಇದೆ, ಆದರೆ ಪ್ರವೇಶ ಸಿಯುಇಟಿ ಪಿ.ಜಿ. ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಡಿಗ್ರಿ ಫಲಿತಾಂಶ ಬಂದ ಮೇಲೆ ಎಚ್ಚರವಾದರೆ ಅರ್ಜಿಯ ದಿನ ದಾಟಿರುತ್ತದೆ. ಎಲ್ಲಿಗೇ ಹೋಗಲಿ, ಆ ವರ್ಷ ಅವರು ಬಾಸ್ಕೆಟ್‌ಬಾಲ್ ತಂಡ ಕಳಿಸುತ್ತಾರೆಯೇ ಎಂಬುದನ್ನು ಅಲ್ಲಿನ ದೈಹಿಕ ಶಿಕ್ಷಣ ವಿಭಾಗದಿಂದ ಕೇಳಿ ತಿಳಿದ ಮೇಲೆಯೇ ಫೀಸು ಕಟ್ಟಿ. ವಲಯದ ಮೊದಲ ಸುತ್ತುಗಳು ನಾಕೌಟ್. ದುರ್ಬಲ ತಂಡಕ್ಕೆ ಸೇರಿದರೆ ವರ್ಷವಿಡೀ ಕಾದು 40 ನಿಮಿಷದ ಒಂದೇ ಪಂದ್ಯ ಆಡಿ ಬರಬೇಕಾದೀತು. ಹಾಗಿದ್ದರೂ ಆ ಒಂದು ಪಂದ್ಯದ ಬೆಲೆ ಏನೆಂಬುದು ಮುಂದಿನ ಉತ್ತರದಲ್ಲಿದೆ.

ಮಗ ಕೆಲಸಕ್ಕೆ ಸೇರಲಿ ಎಂದು ನಮ್ಮ ಆಸೆ. ಅವನು "ಇನ್ನೊಂದು ವರ್ಷ ಆಡಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸರಕಾರಿ ಕೆಲಸ" ಎನ್ನುತ್ತಾನೆ. ಅವನ ಹತ್ತಿರ ಸರ್ಟಿಫಿಕೇಟುಗಳ ದೊಡ್ಡ ಫೈಲೇ ಇದೆ. (ಮಂಜೇಶ್ವರ)

ಆ ಫೈಲನ್ನು ಬಿಚ್ಚಿ ಎರಡು ರಾಶಿ ಮಾಡಿ. ಕಾಲೇಜಿನ ಹೆಸರಿನಲ್ಲಿ ಆಡಿದ್ದೆಲ್ಲ ಒಂದು ಕಡೆ. ವಿಶ್ವವಿದ್ಯಾಲಯದ ಅಥವಾ ರಾಜ್ಯದ ಹೆಸರಿನಲ್ಲಿ ಆಡಿದ್ದು ಇನ್ನೊಂದು ಕಡೆ. ಕೇಂದ್ರ ಸರಕಾರದ ಕ್ರೀಡಾ ನೇಮಕಾತಿಯಲ್ಲಿ ಮೊದಲನೇ ರಾಶಿಗೆ ಬೆಲೆಯಿಲ್ಲ. ಅಂತರ ಕಾಲೇಜು ಚಾಂಪಿಯನ್, ಊರಿನ ಕ್ಲಬ್ಬಿನ ಟ್ರೋಫಿ, ಉತ್ತಮ ಆಟಗಾರ ಫಲಕ, ಇವೆಲ್ಲ ಗೋಡೆಗೆ ಚಂದ, ಅಷ್ಟೆ.

ನಿಯಮ ಲೆಕ್ಕಕ್ಕೆ ಹಿಡಿಯುವುದು ದೇಶವನ್ನೋ ರಾಜ್ಯವನ್ನೋ ಪ್ರತಿನಿಧಿಸಿದವರನ್ನು, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ವಿಶ್ವವಿದ್ಯಾಲಯದ ಪರ ಆಡಿದವರನ್ನು, ರಾಷ್ಟ್ರೀಯ ಶಾಲಾ ಕ್ರೀಡೆಯಲ್ಲಿ ರಾಜ್ಯದ ಶಾಲಾ ತಂಡದಲ್ಲಿದ್ದವರನ್ನು. ಪ್ರತಿಯೊಂದಕ್ಕೂ ಬೇರೆ ಬೇರೆ ನಮೂನೆ ಇದೆ. ಅಂತರ ವಿಶ್ವವಿದ್ಯಾಲಯಕ್ಕೆ ಬೇಕಾದದ್ದು 3ನೇ ನಮೂನೆ. ಅದಕ್ಕೆ ಸಹಿ ಹಾಕಬೇಕಾದವರು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು, ಕಾಲೇಜಿನ ಪ್ರಾಂಶುಪಾಲರಲ್ಲ. ಪಂದ್ಯಾವಳಿಯಲ್ಲಿ ಕೊಡುವ ಬಣ್ಣದ ಸರ್ಟಿಫಿಕೇಟು ಇದ್ದರೆ ಸಾಕೆಂದುಕೊಂಡು ಸಂದರ್ಶನದ ಹಿಂದಿನ ದಿನ ಕಣ್ಣೂರಿಗೆ ಓಡುವವರು ಇದ್ದಾರೆ. ಆಡಿದ ವರ್ಷವೇ ಆ ನಮೂನೆಗೆ ಸಹಿ ಮಾಡಿಸಿ ಇಟ್ಟುಕೊಳ್ಳುವುದು ಕ್ಷೇಮ.

ಇನ್ನೊಂದು ಸಂಗತಿ, ಸಾಧನೆಗೆ ವಾಯಿದೆ ಉಂಟು. ರೈಲ್ವೆಯಂಥ ಕಡೆ ಅಧಿಸೂಚನೆಯ ಹಿಂದಿನ ಇತ್ತೀಚಿನ ವರ್ಷಗಳ ಸಾಧನೆಯನ್ನಷ್ಟೇ ನೋಡುತ್ತಾರೆ. ಮೊದಲನೇ ವರ್ಷದಲ್ಲಿ ಆಡಿದ್ದು ಪಿ.ಜಿ. ಮುಗಿಯುವ ಹೊತ್ತಿಗೆ ಹಳತಾಗಿರುತ್ತದೆ. ಅಲ್ಲಿ ನೂರು ಅಂಕದ ಹಂಚಿಕೆ ಹೀಗೆ: ಟ್ರಯಲ್ಸಿಗೆ 40, ಸಾಧನೆಗೆ 50, ಓದಿಗೆ 10. ಟ್ರಯಲ್ಸಿನಲ್ಲಿ 40ಕ್ಕೆ 25 ಬಾರದಿದ್ದರೆ ಉಳಿದದ್ದನ್ನು ನೋಡುವುದೇ ಇಲ್ಲ. ಬರೀ ಭಾಗವಹಿಸಿದ್ದರೆ ಸಾಲದು, ಸ್ಥಾನವನ್ನೂ ಕೇಳುತ್ತಾರೆ. ಕೇರಳ ಸರಕಾರ ವರ್ಷಕ್ಕೆ 50 ಮಂದಿಯನ್ನು ಕ್ರೀಡಾ ಕೋಟಾದಲ್ಲಿ ತೆಗೆದುಕೊಳ್ಳುವ ಪದ್ಧತಿ ಇದೆ. ಆ ಐವತ್ತರಲ್ಲಿ ಎಲ್ಲ ಆಟಗಳೂ ಸೇರಿದವು ಎಂಬುದನ್ನು ಮರೆಯಬೇಡಿ.

ಎರಡನೇ ರಾಶಿಯಲ್ಲಿ ಕಾಗದ ಈಗಾಗಲೇ ಇದ್ದರೆ ಆಡುವ ವರ್ಷ ಅದಕ್ಕೆ ಬಲ ಕೊಡುತ್ತದೆ. ಆ ರಾಶಿ ಖಾಲಿ ಇದ್ದು, ಹನ್ನೆರಡರೊಳಗೆ ಬರುವ ನಿಜವಾದ ಅವಕಾಶ ಇದ್ದರೆ ಒಂದು ವರ್ಷ ಕೊಡಿ. ಎರಡು ಕೊಡಬೇಡಿ. ಅಷ್ಟರೊಳಗೆ ಪಿ.ಎಸ್.ಸಿ.ಗೆ ಓದುವುದನ್ನೂ ಅವನು ಬಿಡಬಾರದು. ಕಾಸರಗೋಡಿನಲ್ಲಿ ಕನ್ನಡ ಬಲ್ಲವರಿಗೆಂದೇ ಇರುವ ಹುದ್ದೆಗಳು ಬುಟ್ಟಿಗೆ ಚೆಂಡು ಹಾಕುವವರನ್ನು ಕಾದು ಕೂರುವುದಿಲ್ಲ.

ಮೊಣಕಾಲ ಚಿಪ್ಪಿನ ಕೆಳಗೆ ನೋವು. ಹಾರಿ ಇಳಿಯುವಾಗ ಚುಚ್ಚುತ್ತದೆ, ಆಡಿ ಬಿಸಿಯಾದ ಮೇಲೆ ಕಡಿಮೆ. ಎಂ.ಎ. ಸೇರಿ ಇನ್ನೊಂದು ಸೀಸನ್ ಆಡಬಹುದೇ? (ಪೆರ್ಲ, ವಿದ್ಯಾರ್ಥಿನಿ)

ನೀವು ಹೇಳಿದ ಜಾಗ, ಹೇಳಿದ ರೀತಿ ಎರಡೂ ಚಿಪ್ಪಿನ ಕೆಳಗಿನ ಸ್ನಾಯುಬಂಧದ ನೋವಿಗೆ ಹೊಂದುತ್ತವೆ. ಬಾಸ್ಕೆಟ್‌ಬಾಲ್, ವಾಲಿಬಾಲ್ ಆಡುವವರಲ್ಲಿ ಇದು ಬಲು ಮಾಮೂಲು. ಮೊಣಕಾಲು ಊದಿದ್ದರೆ, ಸಿಕ್ಕಿಹಾಕಿಕೊಂಡಂತೆ ಆಗುತ್ತಿದ್ದರೆ, ಕಾಲು ಕೈಕೊಟ್ಟಂತೆ ಕುಸಿದರೆ ಮಾತ್ರ ಮುಂದಿನದನ್ನು ಓದದೆ ಮೂಳೆ ವೈದ್ಯರ ಬಳಿ ಹೋಗಿ.

ಬರೀ ವಿಶ್ರಾಂತಿಯಿಂದ ಇದು ಹೋಗುವುದಿಲ್ಲ. ಎರಡು ತಿಂಗಳು ಮಲಗಿದರೆ ನೋವು ಮಾಯ, ಕೋರ್ಟಿಗೆ ಇಳಿದ ಮೂರನೇ ದಿನ ಮತ್ತೆ ಹಾಜರು. ಸ್ನಾಯುಬಂಧಕ್ಕೆ ಭಾರ ಹೊರುವ ಶಕ್ತಿ ಬರಬೇಕು, ಅದಕ್ಕೆ ಸುಮಾರು 12 ವಾರ ಹಿಡಿಯುತ್ತದೆ. ನಮ್ಮ ಕಡೆ ಜೂನ್‌ನಿಂದ ಆಟಿ ಕಳೆಯುವವರೆಗೆ ಬಯಲು ಕೋರ್ಟಿನಲ್ಲಿ ಹೇಗೂ ಆಟವಿಲ್ಲ. ಆ ತಿಂಗಳುಗಳೇ ಸರಿಯಾದ ಸಮಯ.

ಮೊದಲ ಎರಡು ವಾರ: ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು 60 ಡಿಗ್ರಿಯಷ್ಟು ಬಗ್ಗಿಸಿ, ನೋವಿರುವ ಕಾಲಿನ ಮೇಲೆ ಹೆಚ್ಚು ಭಾರ ಹಾಕಿ 45 ಸೆಕೆಂಡ್ ನಿಲ್ಲಿ. 2 ನಿಮಿಷ ಬಿಡುವು. ಹೀಗೆ 5 ಸಲ. ಆಮೇಲೆ ವಾರಕ್ಕೆ ಮೂರು ದಿನ ನಿಧಾನದ ಬಸ್ಕಿ: ಇಳಿಯಲು 3 ಸೆಕೆಂಡ್, ಏಳಲು 3 ಸೆಕೆಂಡ್. 15ರಂತೆ 4 ಸುತ್ತು. ಸಲೀಸಾದಾಗ ಬೆನ್ನಿನ ಬ್ಯಾಗಿಗೆ 5 ಕಿಲೋ ಅಕ್ಕಿ, ಮತ್ತೆ 10 ಕಿಲೋ. ಭಾರ ಏರಿದ ಹಾಗೆ ಎಣಿಕೆ ಇಳಿಸುತ್ತಾ ಬನ್ನಿ, ಕೊನೆಗೆ 6ರವರೆಗೆ. ಹಾರುವುದು ಎಂಟನೇ ವಾರದ ಮೇಲೆ. ಮಾಡುವಾಗ ನೋವು ಹತ್ತರಲ್ಲಿ ಮೂರು ದಾಟಬಾರದು, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಹಿಂದಿನ ದಿನಕ್ಕಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಒಂದು ಮೆಟ್ಟಿಲು ಹಿಂದೆ ಬನ್ನಿ. ಸಾಮಾನ್ಯವಾಗಿ ಎಲ್ಲರೂ ಎಡವುವುದು ನಾಲ್ಕನೇ ವಾರದಲ್ಲಿ: ನೋವು ಕಡಿಮೆಯಾಯಿತೆಂದು ನೇರ ಕೋರ್ಟಿಗೆ ಇಳಿಯುತ್ತಾರೆ.

ಮಳೆ ನಿಂತ ಮೇಲೆ ಸಿಮೆಂಟ್ ಕೋರ್ಟಿನ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ, ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯದೆ ಯಾರೂ ಇಳಿಯಬೇಡಿ. ಬುಟ್ಟಿಯ ಕೆಳಗಿನ ನೆರಳಿನ ಜಾಗದಲ್ಲೇ ಅದು ಹೆಚ್ಚು, ಇಳಿಯುವುದೂ ಅಲ್ಲಿಗೇ. ಅಲ್ಲಿ ಕಾಲು ಜಾರಿ ಮೊಣಕಾಲ ಒಳಗಿನ ಎಸಿಎಲ್ ಎಂಬ ಕಟ್ಟು ಹರಿದರೆ, ಶಸ್ತ್ರಚಿಕಿತ್ಸೆಯ ನಂತರ ಪಂದ್ಯಕ್ಕೆ ಕನಿಷ್ಠ 9 ತಿಂಗಳು ಬೇಕು. ಅಲ್ಲಿಗೆ ನಿಮ್ಮ ಹೆಚ್ಚುವರಿ ಸೀಸನ್ ಮುಗಿಯಿತು.

ಅಮೆರಿಕದ ಕಾಲೇಜುಗಳಲ್ಲಿ ಐದು ವರ್ಷ ಆಡಿದವರಿದ್ದಾರಲ್ಲ, ಅದು ಹೇಗೆ? ಅವರಿಗೆ ಲಾಭವಾಯಿತೆ? (ಕುಂಬಳೆ)

ಅಲ್ಲಿ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೊದಲ ದರ್ಜೆಯಲ್ಲಿ ಬಹಳ ಕಾಲದಿಂದ ಇದ್ದ ನಿಯಮ ಐದು ವರ್ಷದೊಳಗೆ ನಾಲ್ಕು ಸೀಸನ್. ಕೋವಿಡ್ ಬಂದಾಗ, 2020ರ ಅಕ್ಟೋಬರಿನಲ್ಲಿ, 2020-21ರ ಸೀಸನ್ನನ್ನು ಯಾರ ಲೆಕ್ಕಕ್ಕೂ ಹಿಡಿಯುವುದಿಲ್ಲ ಎಂದು ತೀರ್ಮಾನವಾಯಿತು. ಆ ವರ್ಷ ತಂಡದಲ್ಲಿದ್ದವರಿಗೆಲ್ಲ ಒಂದು ಸೀಸನ್ ಕೈಗೆ ಬಂತು.

ಲಾಭ ಒಬ್ಬೊಬ್ಬರಿಗೆ ಒಂದೊಂದು ಬಗೆ. ಆಟಗಾರ್ತಿ ಕೈಟ್ಲಿನ್ ಕ್ಲಾರ್ಕ್ ಆ ಸೀಸನ್ ಬೇಡವೆಂದು 2024ರಲ್ಲಿ ಹೊರನಡೆದರು. ವೃತ್ತಿಪರ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅವರೇ ಮೊದಲ ಆಯ್ಕೆ. ಅವರಂತೆಯೇ 2020ರಲ್ಲಿ, ಆದರೆ ಬೇರೆ ಕಾಲೇಜು ಸೇರಿದ ಪೇಜ್ ಬೆಕರ್ಸ್ ಮೊಣಕಾಲಿನ ಗಾಯದಿಂದ ಒಂದಿಡೀ ಸೀಸನ್ ಕಳೆದುಕೊಂಡಿದ್ದರು. ಅವರು ಉಳಿದರು, 2025ರ ಏಪ್ರಿಲಿನಲ್ಲಿ ಕನೆಕ್ಟಿಕಟ್ ತಂಡ ಸೌತ್ ಕೆರೊಲಿನಾವನ್ನು 82-59ರಲ್ಲಿ ಸೋಲಿಸಿ ಪ್ರಶಸ್ತಿ ಗೆದ್ದಿತು, ಕೆಲವೇ ದಿನದಲ್ಲಿ ಅವರೂ ಮೊದಲ ಆಯ್ಕೆಯಾದರು. ಹೆಚ್ಚುವರಿ ಸೀಸನ್ ಅಲ್ಲದಿದ್ದರೂ ಝ್ಯಾಕ್ ಈಡಿಯದು ನೋಡಬೇಕಾದ ಉದಾಹರಣೆ. 2023ರಲ್ಲಿ ವರ್ಷದ ಆಟಗಾರನಾಗಿಯೂ ಡ್ರಾಫ್ಟ್‌ನಿಂದ ಹೆಸರು ಹಿಂತೆಗೆದುಕೊಂಡು ನಾಲ್ಕನೇ ವರ್ಷಕ್ಕೆ ಮರಳಿದ, ಪರ್ಡ್ಯೂ ತಂಡವನ್ನು ಫೈನಲ್‌ವರೆಗೆ ಒಯ್ದ, 2024ರಲ್ಲಿ 9ನೆಯವನಾಗಿ ಆಯ್ಕೆಯಾದ. ಇತ್ತ ನಾರ್ತ್ ಕೆರೊಲಿನಾದ ಅರ್ಮಾಂಡೊ ಬೇಕಟ್ ಐದು ಸೀಸನ್ ಆಡಿ ತನ್ನ ಕಾಲೇಜಿನ ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು ಹಿಡಿಯುವ) ದಾಖಲೆ ಬರೆದರೂ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಲಿಲ್ಲ.

ಅಲ್ಲಿ 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ದುಡಿಯಬಹುದು. ಹೆಸರಾದ ಆಟಗಾರ್ತಿಗೆ 2024ರಲ್ಲಿ ಅದು ವೃತ್ತಿಪರ ಲೀಗಿನ ಮೊದಲ ವರ್ಷದ ಸಂಬಳಕ್ಕಿಂತ ದೊಡ್ಡದಾಗಿತ್ತು. ಕ್ಲಾರ್ಕ್ ಅವರ ಮೊದಲ ವರ್ಷದ ಸಂಬಳ 76,535 ಡಾಲರ್ ಇತ್ತು. ಅಲ್ಲಿ ಉಳಿಯುವುದಕ್ಕೆ ದುಡ್ಡಿನ ಕಾರಣವೂ ಇದೆ. ಇಲ್ಲಿ ಸಿಗುವುದು ಹೆಚ್ಚೆಂದರೆ ಹಾಸ್ಟೆಲ್, ಊಟ, ಬಸ್ಸಿನ ಖರ್ಚು. ಅಲ್ಲಿಯ ತೀರ್ಮಾನವನ್ನು ಇಲ್ಲಿಗೆ ತಂದು ಅಳೆದರೆ ಲೆಕ್ಕ ತಪ್ಪುತ್ತದೆ.

ಮೂವರು ಸೀನಿಯರ್‌ಗಳು ಪಿ.ಜಿ. ಸೇರಿ ತಂಡಕ್ಕೆ ಮರಳಿದ್ದಾರೆ. ಜೂನಿಯರ್‌ಗಳು ಮುಖ ಊದಿಸಿಕೊಂಡಿದ್ದಾರೆ. (ದೈಹಿಕ ಶಿಕ್ಷಣ ಅಧ್ಯಾಪಕರು, ಉಪ್ಪಳ)

ಸರ್, ಪಂದ್ಯ 40 ನಿಮಿಷ, ಕೋರ್ಟಿನಲ್ಲಿ ಐವರು, ಒಟ್ಟು ಹಂಚಲಿಕ್ಕೆ ಇರುವುದು 200 ನಿಮಿಷ. ಮೂವರಿಗೂ 35ರಂತೆ ಕೊಟ್ಟರೆ 105 ಹೋಯಿತು, ಉಳಿದ ಒಂಬತ್ತು ಮಂದಿಗೆ 95. ಮೂವರನ್ನೂ 26ಕ್ಕೆ ನಿಲ್ಲಿಸಿದರೆ ಆ ಒಂಬತ್ತು ಮಂದಿಗೆ 122 ಸಿಗುತ್ತದೆ. ಮ್ಯಾನೇಜರ್ ಹುಡುಗನ ಕೈಯಲ್ಲಿ ನೋಟ್‌ಬುಕ್ ಕೊಟ್ಟು ಪ್ರತಿಯೊಬ್ಬರ ನಿಮಿಷ ಬರೆಸಿ, ಪಂದ್ಯ ಮುಗಿದ ಮೇಲೆ ಎಲ್ಲರ ಎದುರು ಓದಿಸಿ. ಅರ್ಧ ಗೊಣಗಾಟ ಅಲ್ಲಿಗೇ ನಿಲ್ಲುತ್ತದೆ.

ಸೀನಿಯರನ್ನು ಆಡಿಸುವ ಜಾಗವನ್ನೂ ಬದಲಿಸಿ. ಎದುರಾಳಿ ಪೂರ್ತಿ ಕೋರ್ಟ್ ಪ್ರೆಸ್ (ಕೋರ್ಟಿನುದ್ದಕ್ಕೂ ಬೆನ್ನು ಬಿಡದ ಮುತ್ತಿಗೆ) ಹಾಕಿದಾಗ ಚೆಂಡನ್ನು ಅನುಭವಿಯ ಕೈಗೇ ಕೊಡುವುದು ನಮ್ಮೆಲ್ಲರ ಅಭ್ಯಾಸ. ಅದನ್ನು ತಿರುಗಿಸಿ: ಗೆರೆಯ ಹೊರಗಿಂದ ಚೆಂಡು ಎಸೆಯುವವನು ಸೀನಿಯರ್, ಹಿಡಿದು ಡ್ರಿಬಲ್ ಮಾಡುವವನು ಎರಡನೇ ವರ್ಷದ ಹುಡುಗ. ಎಸೆದ ಕೂಡಲೇ ಸೀನಿಯರ್ ಒಳಗೆ ಬಂದು ಚೆಂಡಿಗಿಂತ ಎರಡು ಹೆಜ್ಜೆ ಹಿಂದೆ, ಓರೆಯಾಗಿ ನಡೆಯಬೇಕು. ಇಬ್ಬರು ಮುತ್ತಿದಾಗ ಹುಡುಗನಿಗೆ ತಿರುಗಿ ಕೊಡಲು ಒಂದು ಕೈ ಇರುತ್ತದೆ, ಅರ್ಧ ಗೆರೆ ದಾಟುವ 8 ಸೆಕೆಂಡಿನೊಳಗೆ ಗಾಬರಿ ಬೀಳುವುದಿಲ್ಲ. ಹತ್ತು ಪಂದ್ಯ ಹೀಗೆ ಆಡಿಸಿದರೆ ಮುಂದಿನ ವರ್ಷಕ್ಕೆ ನಿಮಗೊಬ್ಬ ಪಾಯಿಂಟ್ ಗಾರ್ಡ್ ಸಿದ್ಧ. ಹೀಗೆ ಮಾಡದಿದ್ದರೆ ಮೂವರೂ ಒಟ್ಟಿಗೆ ಹೋದ ವರ್ಷ ಚೆಂಡು ತರುವವರೇ ಇರುವುದಿಲ್ಲ.

ಖಾಸಗಿ ಕಂಪೆನಿಯಲ್ಲಿ ಕೆಲಸಕ್ಕಿದ್ದು, ಅಂಚೆ ತೆರಪಿನಲ್ಲಿ ಎಂ.ಎ. ಮಾಡುತ್ತಾ ಯೂನಿವರ್ಸಿಟಿಗೆ ಆಡಬಹುದೆ? (ಮುಳ್ಳೇರಿಯ)

ಆಗುವುದಿಲ್ಲ. ಪೂರ್ಣಾವಧಿ ರೆಗ್ಯುಲರ್ ವಿದ್ಯಾರ್ಥಿಗಳಿಗೆ ಮಾತ್ರ ಅವಕಾಶ, ಪೂರ್ಣಾವಧಿ ನೌಕರರಿಗಿಲ್ಲ. ವಯಸ್ಸಿನ ಮಿತಿ 25. ಯಾವ ದಿನಾಂಕಕ್ಕೆ ಎಂಬುದನ್ನು ಆ ವರ್ಷದ ಸುತ್ತೋಲೆಯಲ್ಲಿ ನೋಡಿ, ಹತ್ತನೇ ತರಗತಿಯ ಸರ್ಟಿಫಿಕೇಟಿನ ಜನ್ಮದಿನವನ್ನೇ ಹಿಡಿಯುತ್ತಾರೆ. ಒಂದೇ ಶೈಕ್ಷಣಿಕ ವರ್ಷದಲ್ಲಿ ಎರಡು ವಿಶ್ವವಿದ್ಯಾಲಯಗಳಿಗೆ ಆಡುವುದೂ ನಿಷಿದ್ಧ. ಕೆಲಸ ಬಿಡದೆ ಊರಿನ ಕ್ಲಬ್ಬಿಗೆ ಆಡಿ, ಜಿಲ್ಲಾ ತಂಡದ ಸೆಲೆಕ್ಷನ್‌ಗೆ ಹೋಗಿ. ಅದಕ್ಕೆ ವಿದ್ಯಾರ್ಥಿಯಾಗಿರಬೇಕೆಂದಿಲ್ಲ.