ಸುಝೌಗೆ ಬರುವ ಮುನ್ನ ಮೆನು ಓದುವುದನ್ನು ಕಲಿಯಿರಿ

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಮುಂದಿನ ತಿಂಗಳು ಚೀನಾದ ಸುಝೌ ನಗರದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬರುತ್ತಿದ್ದೀರಿ, ಗಂಡ ಹೆಂಡತಿ ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತದೆ, ಚೀನಿ ಭಾಷೆ ಒಂದಕ್ಷರವೂ ಬರುವುದಿಲ್ಲ. ಆ್ಯಪ್‌ನಲ್ಲಿ ದಿನಕ್ಕೆ ಹತ್ತು ಪದ ಕಲಿತರೆ ಸಾಕಾ ಅಂತ ಕೇಳಿದ್ದೀರಿ. ಸಾಲುವುದಿಲ್ಲ, ಯಾಕೆಂದರೆ ಆ ಪದಗಳೇ ಬೇರೆ. ಚೀನಿ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಹಳೆಯ ಎಚ್‌ಎಸ್‌ಕೆ ಪರೀಕ್ಷೆಯ ಮೊದಲ ಹಂತದ 150 ಪದಗಳಲ್ಲಿ ಅನ್ನ, ಚಹಾ, ಸೇಬು ಸಿಗುತ್ತವೆ. ಕೊಚ್ಚಿದ ಮಾಂಸ, ಹಂದಿ ಕೊಬ್ಬು ಸಿಗುವುದಿಲ್ಲ. ನಿಮಗೆ ಮೊದಲ ವಾರವೇ ಬೇಕಾಗುವುದು ಅವೇ. ಅಡುಗೆಮನೆ ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತದೋ ಅದೇ ಕ್ರಮದಲ್ಲಿ ಕಲಿಯಿರಿ. ಸುಮಾರು ನಲವತ್ತು ಪದಕ್ಕೆ ಮೆನುವಿನ ದೊಡ್ಡ ಪಾಲು ಅರ್ಥವಾಗತೊಡಗುತ್ತದೆ.

ಮೊದಲು ಉಚ್ಚಾರ. ಚೀನಿ ಪದಗಳನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯನ್ನು ಇಂಗ್ಲಿಷಿನಂತೆ ಓದಿದರೆ ಕೆಟ್ಟಿತು. ಅಲ್ಲಿನ ಬಿ ನಮ್ಮ ಪ, ಪಿ ನಮ್ಮ ಫ; ಡಿ ತ, ಟಿ ಥ; ಜಿ ಕ, ಕೆ ಖ. ಎಕ್ಸ್ ಅಂದರೆ ಶ, ಎಸ್‌ಎಚ್ ಅಂದರೆ ನಾಲಿಗೆ ಮಡಿಸಿ ಹೇಳುವ ಷ. ಅಲ್ಪಪ್ರಾಣ, ಮಹಾಪ್ರಾಣ ಗೊತ್ತಿರುವ ಕನ್ನಡದವರಿಗೆ ಇದು ದೊಡ್ಡ ಅನುಕೂಲ. ಆದರೆ ಆಡುಮಾತಿನಲ್ಲಿ ನಾವು ಮಹಾಪ್ರಾಣವನ್ನು ಸಡಿಲ ಬಿಡುತ್ತೇವೆ, ಇಲ್ಲಿ ಅದು ನಡೆಯದು: ಪಾವ್ ಅಂದರೆ ಹಬೆಯಲ್ಲಿ ಬೇಯಿಸಿದ ಬನ್ನು, ಫಾವ್ ಅಂದರೆ ನೆನೆಸಿದ್ದು, ಉಪ್ಪಿನಕಾಯಿಯ ಹೆಸರಿನಲ್ಲಿ ಬರುವುದು. (ಕೆಳಗೆ ಚುಕ್ಕಿ ಇಟ್ಟ ಫ಼ ಬಂದಲ್ಲಿ ಫ್ಯಾನ್‌ನ ಫ಼ ಅಂತ ಓದಿ.) ಛಿ, ಷಿ, ಸಿಗಳ ಇಕಾರವೂ ಪೂರ್ತಿ ಇ ಅಲ್ಲ, ಹಲ್ಲು ಕಚ್ಚಿ, ವ್ಯಂಜನವನ್ನೇ ಗುಂಯ್‌ಗುಟ್ಟಿಸಿದಂತೆ ಎಳೆಯಬೇಕು.

ಸ್ವರ, ಅಂದರೆ ದನಿಯ ಏರಿಳಿತ, ನಾಲ್ಕು: ಸಮ, ಏರು, ತಗ್ಗು, ಇಳಿ. ಅಂಗಡಿಯಲ್ಲಿ ಯೆನ್ ಅನ್ನುವುದನ್ನು ಏರಿಸಿ ಹೇಳಿದರೆ ಉಪ್ಪು, ಸಮವಾಗಿ ಹೇಳಿದರೆ ಸಿಗರೇಟು. ಥಾಂಗ್ ಸಮವಾದರೆ ಸಾರು, ಏರಿದರೆ ಸಕ್ಕರೆ. ಸ್ವಾನ್ ಸಮವಾದರೆ ಹುಳಿ, ಇಳಿದರೆ ಬೆಳ್ಳುಳ್ಳಿ. ಸ್ವರವನ್ನು ಪದದಿಂದ ಬೇರ್ಪಡಿಸಿ ಆಮೇಲೆ ಕಲಿಯುತ್ತೇನೆ ಅನ್ನಬೇಡಿ; ಒಂದು ಸಲ ತಪ್ಪಾಗಿ ನಾಲಿಗೆಗೆ ಕೂತರೆ ಕೀಳುವುದು ಕಷ್ಟ.

ಈಗ ಮೆನು. ಸಾಮಾನ್ಯ ಹೋಟೆಲಿನ ಅಡುಗೆಯ ಹೆಸರು ಬಹುಪಾಲು ಒಂದೇ ಅಚ್ಚಿನದು: ರುಚಿ ಅಥವಾ ಮಾಡಿದ ವಿಧಾನ, ಪದಾರ್ಥ, ಹೆಚ್ಚಿದ ಆಕಾರ. ವಿಧಾನಗಳಲ್ಲಿ ಛಾವ್ ಅಂದರೆ ದೊಡ್ಡ ಉರಿಯಲ್ಲಿ ಬಾಣಲೆಯಲ್ಲಿ ಹುರಿದದ್ದು, ಚಂಗ್ ಹಬೆಯದು, ಚು ಬೇಯಿಸಿದ್ದು, ಚಾ ಕರಿದದ್ದು, ಖಾವ್ ಕೆಂಡದಲ್ಲಿ ಅಥವಾ ಒಲೆಯಲ್ಲಿ ಸುಟ್ಟದ್ದು. ಲ್ಯಾಂಗ್‌ಪಾನ್ ಅಂದರೆ ನಮ್ಮ ಕೋಸಂಬರಿಯ ಹಾಗೆ ತಣ್ಣಗೆ ಕಲಸಿದ್ದು. ಹೋಂಗ್‌ಷಾವ್ ಅಂದರೆ ಸೋಯಾ ಸಾಸ್, ಸಕ್ಕರೆ ಹಾಕಿ ಕೆಂಪಗೆ ಕುದಿಸಿದ್ದು. ಆಕಾರಗಳು: ಸಿ ಎಳೆ, ಫ್ಯೆನ್ ಬಿಲ್ಲೆ, ತಿಂಗ್ ಸಣ್ಣ ಚೌಕ, ಖ್ವಾಯ್ ದಪ್ಪ ತುಂಡು, ಮೋ ನುಣ್ಣಗೆ ಕೊಚ್ಚಿದ್ದು. ಆಲೂಗಡ್ಡೆ ಥುತೋ. ಹಾಗಾದರೆ ಸ್ವಾನ್ ಲಾ ಥುತೋ ಸಿ ಏನು? ಹುಳಿ, ಖಾರ, ಆಲೂಗಡ್ಡೆ, ಎಳೆ. ದೇಶದ ಎಲ್ಲೆಡೆ ಸಿಗುವ, ನೀವು ಧೈರ್ಯವಾಗಿ ತರಿಸಬಹುದಾದ ಪಲ್ಯ. ಛಿಂಗ್ ಛಾವ್ ಅಂತ ಶುರುವಾದರೆ ಎಣ್ಣೆ, ಉಪ್ಪಿನಲ್ಲಿ ಸರಳವಾಗಿ ಹುರಿದದ್ದು. ಸ್ವಾನ್ ರೋಂಗ್ ಅಂದರೆ ಬೆಳ್ಳುಳ್ಳಿ ಕೊಚ್ಚಿ ಹಾಕಿದ್ದು. ಮುಂದೆ ಯಾವ ಸೊಪ್ಪಿನ ಹೆಸರನ್ನಾದರೂ ಸೇರಿಸಿ. ತೀ ಸಾನ್ ಶ್ಯೆನ್ ಈಶಾನ್ಯ ಚೀನಾದ ಅಡುಗೆ: ಬದನೆ, ಆಲೂಗಡ್ಡೆ, ದೊಡ್ಡಮೆಣಸಿನಕಾಯಿ, ಮೂರನ್ನೂ ಕರಿದು ಸಾಸ್‌ನಲ್ಲಿ ಹೊರಳಿಸಿದ್ದು. ಟೊಮೆಟೊ ಮೊಟ್ಟೆ ಹುರಿದದ್ದಕ್ಕೆ ಉತ್ತರದವರು ಶೀಹೋಂಗ್‌ಷಿ ಛಾವ್ ಚೀತಾನ್ ಅಂದರೆ ಸುಝೌ ಕಡೆಯವರು ಫ಼ಾನ್‌ಛ್ಯೆ ಛಾವ್ ತಾನ್ ಅನ್ನುತ್ತಾರೆ.

ಅನುವಾದದ ಆ್ಯಪ್ ಎಡವುವುದು ಇಂಥ ಕಡೆ: ಯು ಶ್ಯಾಂಗ್ ಛ್ಯೆತ್ಸ ಅನ್ನುವ ಬದನೆಕಾಯಿ ಅಡುಗೆಯನ್ನು ಅದು ಮೀನಿನ ಪರಿಮಳದ ಬದನೆ ಅಂತ ತೋರಿಸುತ್ತದೆ. ಅದರಲ್ಲಿ ಮೀನು ಇರುವುದಿಲ್ಲ. ಸಿಚುವಾನ್‌ನಲ್ಲಿ ಮೀನಿಗೆ ಹಾಕುತ್ತಿದ್ದ ಉಪ್ಪಿನಲ್ಲಿಟ್ಟ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಸಕ್ಕರೆ, ವಿನೆಗರ್‌ನ ಹದ ಅಷ್ಟೇ. ಆದರೆ ಕೊಚ್ಚಿದ ಹಂದಿಮಾಂಸ ಸಾಮಾನ್ಯವಾಗಿ ಇರುತ್ತದೆ, ಹೆಸರಿನಲ್ಲಿ ಅದರ ಸುಳಿವೇ ಇಲ್ಲ. ಮಾಫೋ ತೋಫ಼ು, ಒಣಗಿಸಿ ಹುರಿದ ಹುರುಳಿಕಾಯಿ ಕೂಡ ಹೀಗೆಯೇ.

ಇದಕ್ಕೆ ಕಾರಣ ತಿಳಿದರೆ ಬೇಸರ ಕಡಿಮೆಯಾಗುತ್ತದೆ. ಮೆನುವಿನ ಸುತ್ಸೈ ವಿಭಾಗ ಅಂದರೆ ಮುಖ್ಯ ಪದಾರ್ಥ ತರಕಾರಿ ಅಂತ ಮಾತ್ರ. ಒಂದು ಚಮಚ ಕೊಚ್ಚಿದ ಮಾಂಸ ಇಲ್ಲಿ ಒಗ್ಗರಣೆಯ ಲೆಕ್ಕ. ಬರೀ ರೋ ಅಂದರೆ ಹಂದಿಮಾಂಸ. ಕೋಳಿ, ಮೀನು, ಹ್ಯಾಮ್‌ಗೆ ಬೇರೆ ಬೇರೆ ಹೆಸರು. ಹಾಗಾಗಿ ಪು ಯಾವ್ ರೋ, ಮಾಂಸ ಬೇಡ, ಅಂದಾಗ ಪುಟ್ಟ ಒಣಸೀಗಡಿ ಹಾಕಿ ತಂದುಕೊಟ್ಟವರು ಮೋಸ ಮಾಡಿದಂತಲ್ಲ. ವೊ ಛಿ ಸು, ನಾನು ಸಸ್ಯಾಹಾರಿ, ಅಂತ ಶುರುಮಾಡಿ. ಮುಂದೆ ಪು ಫ಼ಾಂಗ್, ಹಾಕಬೇಡಿ, ಅನ್ನುವುದಕ್ಕೆ ಒಂದೊಂದನ್ನೇ ಸೇರಿಸಿ: ರೋಮೋ (ಕೊಚ್ಚಿದ ಮಾಂಸ), ಚೂಯೋ (ಹಂದಿ ಕೊಬ್ಬು), ಚೀಚಿಂಗ್ (ಕೋಳಿಸಾರಿನ ಪುಡಿ), ಹಾವ್‌ಯೋ (ಆಯ್ಸ್ಟರ್ ಸಾಸ್), ಶ್ಯಾಫೀ (ಪುಟ್ಟ ಒಣಸೀಗಡಿ), ಹ್ವೋಥ್ವೇ (ಹ್ಯಾಮ್). ಬೇಡ ಅನ್ನುವುದಕ್ಕಿಂತ ಹಾಕಬೇಡಿ ಅನ್ನುವುದು ಅಡುಗೆಯವರಿಗೆ ನೇರ ಸೂಚನೆಯಾಗಿ ತಲುಪುತ್ತದೆ. ಈ ಇಡೀ ವಾಕ್ಯವನ್ನು ಸಹೋದ್ಯೋಗಿಯೊಬ್ಬರಿಂದ ಚೀನಿ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಮೇಥ್ವಾನ್ ಆ್ಯಪ್‌ನಲ್ಲಿ ಊಟ ತರಿಸುವಾಗ ಪೇಚು ಅನ್ನುವ ಟಿಪ್ಪಣಿ ಜಾಗದಲ್ಲಿ ಅದನ್ನೇ ಅಂಟಿಸಬಹುದು. ಛುನ್ ಸು ಅಂದರೆ ಮೊಟ್ಟೆ, ಹಾಲು ಕೂಡ ಇಲ್ಲದ್ದು. ಬೌದ್ಧ ಪದ್ಧತಿಯ ಸಸ್ಯಾಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮಲ್ಲಿ ಅವನ್ನು ಬಿಟ್ಟವರಿಗೆ ಅದು ನೆಮ್ಮದಿ.

ಲಿಪಿಯನ್ನು ಇಡಿಯಾಗಿ ಕಲಿಯುವ ತನಕ ಅಕ್ಷರದ ಅಂಗಗಳನ್ನು ಗುರುತಿಸಿ. ಎಡಕ್ಕೆ ಮೂರು ಹನಿ ಇದ್ದರೆ ದ್ರವ: ಸಾರು, ಎಣ್ಣೆ, ಮದ್ಯ. ಎಡಕ್ಕೆ ಬೆಂಕಿಯ ಗುರುತಿದ್ದರೆ ಹುರಿಯುವ, ಸುಡುವ, ಕರಿಯುವ ವಿಧಾನ. ಕೆಳಗೆ ಸಾಲಾಗಿ ನಾಲ್ಕು ಚುಕ್ಕಿ ಇದ್ದರೂ ಬೆಂಕಿಯೇ, ಹಬೆ ಮತ್ತು ಬೇಯಿಸುವ ಅಕ್ಷರಗಳಲ್ಲಿ ಅದು ಕಾಣುತ್ತದೆ. ತಲೆಯ ಮೇಲೆ ಅಡ್ಡಗೆರೆ, ಅದನ್ನು ದಾಟುವ ಎರಡು ಪುಟ್ಟ ಗೆರೆ ಇದ್ದರೆ ಸಸ್ಯ. ಮಾಂಸದ ಅಕ್ಷರ ಕೆಳಗೆ ತೆರೆದ ಬಾಗಿಲ ಚೌಕಟ್ಟು, ಒಳಗೆ ಒಂದರ ಮೇಲೊಂದು ಎರಡು ಕವೆ. ಎಡಕ್ಕೆ ಚಂದ್ರನ ಅಕ್ಷರದಂಥ ಉದ್ದನೆಯ ಏಣಿ ಕಂಡರೆ ಎಚ್ಚರ: ಕರುಳು, ಯಕೃತ್ತು, ಕಾಲು, ಹೊಟ್ಟೆ ಎಲ್ಲಕ್ಕೂ ಅದೇ ಅಂಗ.

ಸುಝೌ ಅಂದರೆ ನೂಡಲ್ಸ್ ಊರು. ಅಲ್ಲಿನ ಬೆಳಗಿನ ತಿಂಡಿ ಥಾಂಗ್‌ಮ್ಯೆನ್, ಸಾರಿನ ನೂಡಲ್ಸ್. ಮೇಲೆ ಹಾಕುವ ಚ್ಯಾವ್‌ಥೋ ತರಕಾರಿಯದೇ ಆರಿಸಿದರೂ ಕೆಳಗಿನ ಸಾರು ಮೂಳೆಯದು, ಎಷ್ಟೋ ಕಡೆ ಮೀನು ಮೂಳೆಯೂ ಸೇರಿರುತ್ತದೆ. ಸಾರಿಲ್ಲದ ಪಾನ್‌ಮ್ಯೆನ್ ಕೇಳಿ, ಹಂದಿ ಕೊಬ್ಬು ಬೇಡ ಅಂತ ಸೇರಿಸಿ. ಸಾರೇ ಬೇಕಾದರೆ ಶೀಯ್ವೆನ್ ದೇವಾಲಯದ ಸಸ್ಯಾಹಾರಿ ನೂಡಲ್ಸ್‌ಗೆ ಹೋಗಿ. ಚಾಂದ್ರಮಾನದ ಛೂ ಈ, ಷಿ ವೂ ಅಂದರೆ ಪಾಡ್ಯ ಮತ್ತು ಹದಿನೈದನೆಯ ದಿನ ಇಲ್ಲಿನ ಅನೇಕರು ಮಾಂಸ ಬಿಡುತ್ತಾರೆ. ಅಂದು ಇಂಥ ಕಡೆ ಜನ ಜಾಸ್ತಿ, ಬೇಗ ಹೋಗಿ. ಶಾಂಘೈಗೆ ಬಂದಾಗ ಕೋಂಗ್‌ತಲಿನ್ ಇದೆ, 1922ರಿಂದ ನಡೆದು ಬಂದ ಸಸ್ಯಾಹಾರಿ ಹೋಟೆಲು. ಅಲ್ಲಿನ ಮೆನುವಿನಲ್ಲಿ ಬಾತು, ಕೋಳಿ ಅಂತ ಕಂಡರೆ ಗಾಬರಿಯಾಗಬೇಡಿ: ಸು ಯಾ ಅಂದರೆ ತೋಫ಼ು ಹಾಳೆಯಿಂದ ಮಾಡಿದ ಬಾತು. ಸುಝೌ ಅಡುಗೆ ಸಿಹಿ. ಷಾವ್ ಫ಼ಾಂಗ್ ಥಾಂಗ್ (ಏರು ಸ್ವರ) ಅಂದರೆ ಸಕ್ಕರೆ ಕಡಿಮೆ ಹಾಕುತ್ತಾರೆ.

ತರಕಾರಿ ಮಾರುಕಟ್ಟೆ ಒಳ್ಳೆಯ ಶಾಲೆ. ಹೇಳುವ ಬೆಲೆ ಚಿನ್‌ಗೆ, ಅಂದರೆ 500 ಗ್ರಾಂಗೆ. ಕಿಲೋ ಅಂದುಕೊಂಡರೆ ದುಪ್ಪಟ್ಟು ಕೊಟ್ಟಂತೆ ಅನಿಸಿ ಜಗಳವಾಗುತ್ತದೆ. ಅರ್ಧ ಚಿನ್ ಪಾನ್ ಚಿನ್, 50 ಗ್ರಾಂ ಒಂದು ಲ್ಯಾಂಗ್. ಹಣಕ್ಕೆ ಯುವಾನ್ ಅನ್ನದೆ ಖ್ವಾಯ್ ಅನ್ನುತ್ತಾರೆ, ಆಗಲೇ ನೋಡಿದ ತುಂಡು ಅನ್ನುವ ಅದೇ ಪದ. ಸಂಖ್ಯೆಯಲ್ಲಿ ಒಂದು ತೊಡಕು: ನಾಲ್ಕು ಸಿ, ಹತ್ತು ಷಿ, ಆದರೆ ಸುಝೌ ಕಡೆಯ ಹಿರಿಯರು ಎರಡನ್ನೂ ಸಿ ಅನ್ನುತ್ತಾರೆ. ಇಳಿದರೆ ನಾಲ್ಕು, ಏರಿದರೆ ಹತ್ತು. ಅನುಮಾನವಿದ್ದರೆ ಅವರ ಕೈ ನೋಡಿ: ನಾಲ್ಕಕ್ಕೆ ನಾಲ್ಕು ಬೆರಳು, ಹತ್ತಕ್ಕೆ ಎರಡು ತೋರುಬೆರಳ ಕತ್ತರಿ ಅಥವಾ ಮುಷ್ಟಿ.

ಕಾಯಿಗಳು ಗುಂಪಾಗಿ ಬರುತ್ತವೆ. ಕ್ವಾ ಅಂದರೆ ಬಳ್ಳಿಕಾಯಿ: ಖುಕ್ವಾ ಹಾಗಲ, ಸಿಕ್ವಾ ತುಪ್ಪದ ಹೀರೆ, ಹ್ವಾಂಗ್‌ಕ್ವಾ ಸೌತೆ, ತೋಂಗ್‌ಕ್ವಾ ಬೂದುಗುಂಬಳ, ಶೀಕ್ವಾ ಕಲ್ಲಂಗಡಿ. ಮಲೆನಾಡಿನವರು ಚೀನಿಕಾಯಿ ಅನ್ನುವ ಸಿಹಿಗುಂಬಳಕ್ಕೆ ಇವರು ನಾನ್‌ಕ್ವಾ, ದಕ್ಷಿಣದ ಕಾಯಿ, ಅನ್ನುತ್ತಾರೆ. ಕಾಳು ತೋ: ಲ್ಯುತೋ ಹೆಸರುಕಾಳು, ಎಲ್ಲೆಡೆ ಸಿಗುತ್ತದೆ. ತೊಗರಿಬೇಳೆಯನ್ನು ಊರಿಂದಲೇ ತನ್ನಿ. ಜೀರಿಗೆ ತ್ಸಿರಾನ್, ಕೊತ್ತಂಬರಿ ಸೊಪ್ಪು ಶ್ಯಾಂಗ್‌ತ್ಸೈ, ಮೆಣಸಿನಕಾಯಿ ಲಾಚ್ಯಾವ್. ಹ್ವಾಚ್ಯಾವ್ ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಕಾಳು. ಆ ಜುಮ್ಮಿಗೆ ಮಾ ಅಂತ ಹೆಸರು. ಖಾರ ತಿನ್ನುತ್ತೇನೆ ಅಂತ ಥ ಲಾ (ವಿಪರೀತ ಖಾರ) ಕೇಳುವ ಮೊದಲು ವೇಯ್ ಲಾದಿಂದ (ತುಸು ಖಾರ) ಶುರುಮಾಡಿ, ಯಾಕೆಂದರೆ ಖಾರ ತಡೆಯುವ ಬಾಯಿ ಮಾವನ್ನು ತಡೆಯಲೇಬೇಕೆಂದಿಲ್ಲ.

ಹಾಟ್‌ಪಾಟ್‌ಗೆ ಕರೆದರೆ ಕ್ವೋತೀ, ಅಂದರೆ ತಳದ ಸಾರು ಯಾವುದು ಅಂತ ಮೊದಲೇ ಕೇಳಿ. ಛೋಂಗ್‌ಛಿಂಗ್ ನಗರದ ಶೈಲಿಯ ಕೆಂಪು ಸಾರಿನ ಆಧಾರ ನ್ಯೂಯೋ, ದನದ ಕೊಬ್ಬು. ಛಿಂಗ್‌ಥಾಂಗ್ ಅನ್ನುವ ತಿಳಿಸಾರೂ ಮೂಳೆಯದಾಗಿರಬಹುದು. ಛಿಂಗ್‌ಷ್ವೇಯ್ ಕ್ವೋ ಅಂದರೆ ಬರೀ ನೀರು, ಅದೇ ಸುರಕ್ಷಿತ. ಖಾನೆಗಳಿರುವ ಪಾತ್ರೆಯಾದರೂ ಸೌಟು, ಚಾಪ್‌ಸ್ಟಿಕ್ ಬೆರೆಯುತ್ತವೆ; ಒಬ್ಬೊಬ್ಬರಿಗೆ ಬೇರೆ ಪಾತ್ರೆ ಕೊಡುವ ಅಂಗಡಿಯನ್ನು ನೀವೇ ಸೂಚಿಸಿ.

ಆಫೀಸಿನ ಔತಣದಲ್ಲಿ ತಣ್ಣನೆಯ ತಟ್ಟೆಗಳು ಮೊದಲು, ಅನ್ನ ಕೊನೆಗೆ ಬರುತ್ತದೆ. ನಿಮಗೆ ಬೇಗ ಬೇಕಾದರೆ ಮೀಫ಼ಾನ್ ಶ್ಯೆನ್ ಷಾಂಗ್ ಅನ್ನಿ. ಕಾನ್‌ಪೇಯ್ ಅಂತ ಲೋಟ ಎತ್ತಿದಾಗ ಕುಡಿಯದವರು ಸುಮ್ಮನೆ ಕೂರಬಾರದು: ಎದ್ದು, ಚಹಾ ಲೋಟ ಹಿಡಿದು, ಈ ಛಾ ತೈ ಚ್ಯೋ, ಮದ್ಯದ ಬದಲು ಚಹಾ, ಅನ್ನಿ. ಇದು ಎಲ್ಲರೂ ಒಪ್ಪುವ ಮಾತು. ಲೋಟ ತಾಗಿಸುವಾಗ ಹಿರಿಯರ ಲೋಟಕ್ಕಿಂತ ನಿಮ್ಮದು ತುಸು ಕೆಳಗಿರಲಿ. ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಸತ್ತವರಿಗೆ ಹಚ್ಚುವ ಊದುಕಡ್ಡಿಯ ನೆನಪಾಗುತ್ತದೆ. ಛಿ ಲ ಮಾ, ಊಟ ಆಯ್ತಾ, ಅಂತ ದಾರಿಯಲ್ಲಿ ಯಾರಾದರೂ ಕೇಳಿದರೆ ಛಿ ಲ, ನೀ ನ, ಆಯ್ತು, ನಿಮ್ಮದು, ಅಂದರೆ ಮುಗಿಯಿತು. ನಮ್ಮೂರಿನಲ್ಲಿ ಕೇಳಿದಂತೆಯೇ, ಏನು ತಿಂದಿರಿ ಅಂತ ವಿವರ ಕೊಡಬೇಕಿಲ್ಲ.

ಬರುವ ಮುನ್ನ ಸಿಗುವ ಮೂರು ನಾಲ್ಕು ವಾರದಲ್ಲಿ ಹೀಗೆ ಮಾಡಿ: ಮೊದಲ ವಾರ ಸ್ವರ ಮತ್ತು ಪು ಫ಼ಾಂಗ್ ಪಟ್ಟಿ, ಎರಡನೆಯ ವಾರ ವಿಧಾನ ಮತ್ತು ಆಕಾರ, ಆಮೇಲೆ ಸಂಖ್ಯೆ, ಕಾಯಿಪಲ್ಯ. ಪ್ರತಿ ಪದವನ್ನೂ ಚೀನಿಯರ ಧ್ವನಿಯಲ್ಲಿ ಕೇಳಿ, ಜೋರಾಗಿ ಹೇಳಿ. ನಾನು ಇಲ್ಲಿ ಕೊಟ್ಟಿರುವ ಕನ್ನಡ ಬರಹ ಬರೀ ಊರುಗೋಲು. ಮನೆ ಎಲ್ಲಿ ಸಿಕ್ಕಿತು ಅಂತ ತಿಳಿಸಿ, ಹತ್ತಿರದ ಮಾರುಕಟ್ಟೆಯಲ್ಲಿ ಏನೇನು ಸಿಗುತ್ತದೆ, ಏನನ್ನು ಊರಿಂದ ತರಬೇಕು ಅಂತ ಪಟ್ಟಿ ಮಾಡಿ ಕಳಿಸುತ್ತೇನೆ.