ಸರಣಿಯಲ್ಲಿ 40 ವ್ಯಾಟ್ ಬಲ್ಬೇ ಏಕೆ ಹೆಚ್ಚು ಬೆಳಗುತ್ತದೆ?

ಪ್ರಶ್ನೆ: 40 ವ್ಯಾಟ್ ಮತ್ತು 100 ವ್ಯಾಟ್‌ನ ಹಳೆಯ ತಂತು ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸಿ ಮನೆಯ ವಿದ್ಯುತ್ ಕೊಟ್ಟಾಗ 40 ವ್ಯಾಟ್‌ನದು ಚೆನ್ನಾಗಿ ಉರಿಯಿತು, 100 ವ್ಯಾಟ್‌ನದು ಬರೀ ಕೆಂಪಗಾಯಿತು. ಇದೇಕೆ? ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಇಡೀ ಸಾಲು ಆರುವುದಕ್ಕೂ ಇದೇ ಕಾರಣವೇ?

ಉತ್ತರ: ಬಲ್ಬಿನ ಮೇಲೆ ಅಚ್ಚಾಗಿರುವ ವ್ಯಾಟ್ ಸಂಖ್ಯೆಯು ಪೂರ್ತಿ 230 ವೋಲ್ಟ್ ದೊರೆತಾಗಿನ ಬಳಕೆಯನ್ನು ಮಾತ್ರ ಹೇಳುತ್ತದೆ. ಆ ಲೆಕ್ಕದಲ್ಲಿ 100 ವ್ಯಾಟ್ ಬಲ್ಬಿನ ರೋಧ 529 ಓಮ್, 40 ವ್ಯಾಟ್‌ನದು ಸುಮಾರು 1,322 ಓಮ್. ಮನೆಯ ವೈರಿಂಗ್ ಸಮಾಂತರ ಜೋಡಣೆಯಾದ್ದರಿಂದ ಪ್ರತಿ ಬಲ್ಬಿಗೂ 230 ವೋಲ್ಟ್ ಸಿಗುತ್ತದೆ. ರೋಧ ಕಡಿಮೆಯಿರುವ 100 ವ್ಯಾಟ್ ಬಲ್ಬು ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಹೆಚ್ಚು ಬೆಳಗುತ್ತದೆ. ಸರಣಿಯಲ್ಲಾದರೋ ಹರಿಯಲು ಇರುವುದು ಒಂದೇ ದಾರಿ. ಎರಡರಲ್ಲೂ ಸುಮಾರು 0.12 ಆಂಪಿಯರ್‌ನ ಒಂದೇ ಪ್ರವಾಹ ಹರಿಯುತ್ತದೆ, ವೋಲ್ಟೇಜ್ ಮಾತ್ರ ರೋಧಕ್ಕೆ ತಕ್ಕಂತೆ ಹಂಚಿಹೋಗುತ್ತದೆ. 40 ವ್ಯಾಟ್‌ನದಕ್ಕೆ ಸುಮಾರು 164 ವೋಲ್ಟ್, ಇನ್ನೊಂದಕ್ಕೆ 66 ವೋಲ್ಟ್; ಹೀಗಾಗಿ ಮೊದಲನೆಯದು 20 ವ್ಯಾಟ್‌ನಷ್ಟು ಬಳಸಿದರೆ ಎರಡನೆಯದಕ್ಕೆ 8 ವ್ಯಾಟ್ ಮಾತ್ರ ದಕ್ಕುತ್ತದೆ. ನೀವು ಕಂಡ ಅಂತರ ಇದಕ್ಕಿಂತಲೂ ಹೆಚ್ಚಿದ್ದಿರಬೇಕು, ಏಕೆಂದರೆ ಟಂಗ್‌ಸ್ಟನ್ ತಂತು ಕಡಿಮೆ ಕಾದಷ್ಟೂ ಅದರ ರೋಧ ಇಳಿಯುತ್ತದೆ, ರೋಧ ಇಳಿದಷ್ಟೂ ಅದರ ಪಾಲಿನ ವೋಲ್ಟೇಜೂ ಕುಗ್ಗುತ್ತದೆ. (ಎಲ್‌ಇಡಿ ಬಲ್ಬುಗಳೊಳಗೆ ಎಲೆಕ್ಟ್ರಾನಿಕ್ ಮಂಡಲವಿರುವುದರಿಂದ ಅವುಗಳಿಗೆ ಈ ಲೆಕ್ಕ ಹೊಂದುವುದಿಲ್ಲ.)

ಸೀರಿಯಲ್ ಸೆಟ್‌ನ ಕಾರಣವೂ ಇದೇ. ಹಳೆಯ ಮಾದರಿಯಲ್ಲಿ 6 ವೋಲ್ಟಿನ ಬಲ್ಬುಗಳಾದರೆ ಒಂದು ಸಾಲಿಗೆ ಸುಮಾರು 38 ಬೇಕು. ಒಂದರ ತಂತು ಕಡಿದರೂ ದಾರಿಯೇ ಮುಚ್ಚುತ್ತದೆ. ಹಬ್ಬದ ಗಡಿಬಿಡಿಯಲ್ಲಿ ಕೆಟ್ಟ ಬಲ್ಬನ್ನು ಕಿತ್ತು ತಂತಿಗಳನ್ನು ಹೊಸೆದುಬಿಡುವ ರೂಢಿ ನಮ್ಮಲ್ಲಿದೆ. ಒಂದೆರಡಕ್ಕೆ ಅದು ನಡೆದೀತು, ಆದರೆ ಹತ್ತನ್ನು ಕಿತ್ತರೆ ಉಳಿದ 28ಕ್ಕೆ ತಲಾ 8 ವೋಲ್ಟ್ ದಾಟಿ ಅವು ಬೇಗ ಸುಡುತ್ತವೆ. ಆರಿದ ಸಾಲಿನಲ್ಲಿ ವಿದ್ಯುತ್ ಇಲ್ಲವೆಂದು ಭಾವಿಸುವುದು ಇನ್ನೂ ದೊಡ್ಡ ತಪ್ಪು: ಪ್ರವಾಹ ನಿಂತೊಡನೆ ಉಳಿದ ಬಲ್ಬುಗಳ ಪಾಲು ಸೊನ್ನೆಯಾಗಿ, ಪೂರ್ತಿ 230 ವೋಲ್ಟೂ ಆ ಕಡಿದ ಜಾಗದ ಎರಡು ತುದಿಗಳ ನಡುವೆ ಬಂದು ನಿಲ್ಲುತ್ತದೆ. ಆದ್ದರಿಂದ ಪ್ಲಗ್ ಕಿತ್ತ ನಂತರವೇ ಹೋಲ್ಡರಿಗೆ ಕೈಹಾಕಿ.