ಕೀಪ್ಯಾಡ್ ಫೋನ್ ಆಮೇಲೆ, ಮೊದಲು ಪಾಸನ್ನು ಕಾಗದಕ್ಕೆ ತನ್ನಿ

ತುಮಕೂರಿನಿಂದ ಯಶವಂತಪುರದವರೆಗೆ ರೈಲಿನಲ್ಲಿ ಫೋನ್ ಬಿಟ್ಟಿರಲು ಆಗುತ್ತಿಲ್ಲ, ಕೀಪ್ಯಾಡ್ ಫೋನ್ ಕೊಳ್ಳಲಾ, ಆ್ಯಪ್‌ಗಳಿಗೆ ಲಾಕ್ ಹಾಕಲಾ ಅಂತ ಕೇಳಿದ್ದೀರಿ. ಎರಡೂ ಬೇಡ. 2023ರಲ್ಲಿ ನಾನು ಕೀಪ್ಯಾಡ್ ಫೋನ್ ಕೊಂಡೇ ಕೆಟ್ಟೆ.

ನಾನು ಮಂಡ್ಯದಿಂದ ಬೆಂಗಳೂರಿಗೆ ಅಪ್‌ಡೌನ್ ಮಾಡುವವನು. ಬೆಳಿಗ್ಗೆ ಸೀಟು ಹಿಡಿದು ತಗ್ಗಿಸಿದ ತಲೆ ಕೆಂಗೇರಿಯಲ್ಲೇ ಮೇಲೇಳುತ್ತಿತ್ತು. ಆಫೀಸಿನ ವಾಟ್ಸಾಪ್ ಗುಂಪು, ರೀಲ್ಸ್, ಮತ್ತೆ ಗುಂಪು. ಒಂದು ಭಾನುವಾರ ರಾತ್ರಿ ಸಿಟ್ಟು ಬಂದು ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿದೆ. ದೊಡ್ಡ ಫೋನನ್ನು ಬೀರುವಿನಲ್ಲಿಟ್ಟು ಸೋಮವಾರ ರೈಲು ಹತ್ತಿದೆ.

ಬಿಡದಿ ದಾಟಿದ ಮೇಲೆ ಟಿ.ಸಿ. ಬಂದರು. ನನ್ನ ಸೀಸನ್ ಪಾಸ್ ಇದ್ದದ್ದು ಯುಟಿಎಸ್ ಅನ್ನುವ ರೈಲ್ವೆ ಟಿಕೆಟ್ ಆ್ಯಪ್‌ನಲ್ಲಿ, ಆ್ಯಪ್ ಇದ್ದದ್ದು ಬೀರುವಿನಲ್ಲಿ. ಪಕ್ಕದವರ ಫೋನಿಗೆ ಹೆಂಡತಿಯಿಂದ ಸ್ಕ್ರೀನ್‌ಶಾಟ್ ಕಳಿಸಿಕೊಂಡೆ. ಅದು ನಡೆಯುವುದಿಲ್ಲ ಅಂದರು, ಅವರು ಹೇಳಿದ್ದು ಸರಿಯೇ. ಕಾಗದವಿಲ್ಲದ ಟಿಕೆಟನ್ನು ಅದೇ ಫೋನಿನ ಆ್ಯಪ್ ತೆರೆದೇ ತೋರಿಸಬೇಕು. ತೋರಿಸದಿದ್ದರೆ ಟಿಕೆಟ್ ಇಲ್ಲದ ಲೆಕ್ಕ. ಟಿಕೆಟ್ ದರದ ಮೇಲೆ 250 ರೂಪಾಯಿ ದಂಡ. ಜೇಬಿನಲ್ಲಿದ್ದದ್ದು ಅರವತ್ತು ರೂಪಾಯಿ, ಏಕೆಂದರೆ ದುಡ್ಡೂ ಫೋನಿನಲ್ಲೇ. ಪಕ್ಕದವರು ಕಟ್ಟಿದರು. ಆಫೀಸಿನಲ್ಲಿ ಕಂಪ್ಯೂಟರ್ ಲಾಗಿನ್‌ಗೆ ಬೇಕಾದ ಕೋಡ್ ಕೊಡುವ ಆ್ಯಪ್ ಕೂಡ ಅದೇ ಫೋನಿನಲ್ಲಿ. ಆ ದಿನ ರಜೆ ಹೋಯಿತು.

ದಂಡ ಹೋಗಲಿ, ರಜೆಯೂ ಹೋಗಲಿ. ನನಗೆ ನಿಜವಾಗಿ ದುಬಾರಿಯಾದದ್ದು ಬೇರೆ. ಫೋನಿಲ್ಲದೆ ಬದುಕುವುದು ನಮ್ಮಂಥವರಿಗೆ ಆಗದು ಅಂತ ಅವತ್ತೇ ತೀರ್ಮಾನಿಸಿ, ಮುಂದಿನ ಎಂಟು ತಿಂಗಳು ಮೊದಲಿಗಿಂತ ಹೆಚ್ಚು ನೋಡಿದೆ. ನನ್ನ ಮನಸ್ಸು ಗಟ್ಟಿಯಿಲ್ಲ ಅಂದುಕೊಂಡಿದ್ದೆ. ಅದು ತಪ್ಪು ಲೆಕ್ಕ. ಪಾಸು, ದುಡ್ಡು, ಮೆಟ್ರೋ ಕ್ಯೂಆರ್, ಆಫೀಸಿನ ಬೀಗದ ಕೈ, ಇಷ್ಟನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಅವನ್ನು ಹೊರಗೆ ತೆಗೆಯದೆ ಪೆಟ್ಟಿಗೆಯನ್ನೇ ಮನೆಯಲ್ಲಿ ಬಿಟ್ಟು ಹೋದೆ. ಅಲ್ಲದೆ ಮೊದಲಿನಿಂದಲೂ ಫೋನ್ ಕೈಗೆ ಬರುತ್ತಿದ್ದದ್ದು ಪಾಸ್ ತೋರಿಸಲು, ಮೆಟ್ರೋ ಗೇಟಿಗೆ, ಟೀ ದುಡ್ಡಿಗೆ. ಒಮ್ಮೆ ಕೈಗೆ ಬಂದರೆ ಗುಂಪು ತೆರೆದುಕೊಳ್ಳುತ್ತಿತ್ತು. ಲಾಕ್ ಆ್ಯಪ್ ಹಾಕಿದರೂ ಪಾಸ್ ತೋರಿಸಲು ನೀವು ಅದನ್ನು ಹೊರಗೆ ತೆಗೆಯಲೇಬೇಕಲ್ಲ?

ಆದ್ದರಿಂದ ಪಾಸನ್ನು ಕೌಂಟರ್‌ನಲ್ಲಿ ಮಾಡಿಸಿ, ಕಾಗದದ್ದು. ಯಶವಂತಪುರದಿಂದ ಮುಂದೆ ಮೆಟ್ರೋ ಹಿಡಿಯುವುದಾದರೆ ಸ್ಮಾರ್ಟ್ ಕಾರ್ಡ್ ತಗೊಳ್ಳಿ, ದರದಲ್ಲಿ 5 ಪರ್ಸೆಂಟ್ ಕಡಿಮೆಯೂ ಆಗುತ್ತದೆ. ಪಾಸಿನ ಕವರಿನಲ್ಲೇ ಐನೂರು ರೂಪಾಯಿ ಮಡಚಿಡಿ. ನಿಮ್ಮ ಸ್ಮಾರ್ಟ್‌ಫೋನ್ ಬ್ಯಾಗಿನಲ್ಲೇ ಇರಲಿ, ಮನೆಯ ಎರಡು ನಂಬರಿಗೆ ಮಾತ್ರ ರಿಂಗ್ ಆಗುವ ಹಾಗೆ. 'ರೈಲಿನಲ್ಲಿ ಇರ್ತೀನಿ, ಒಂಬತ್ತೂವರೆಗೆ ಸಿಗ್ತೀನಿ' ಅಂತ ಆಫೀಸಿನಲ್ಲಿ ಬಾಯಿಬಿಟ್ಟು ಹೇಳಿ. ನಾನು ಹೇಳಿದಾಗ ಯಾರೂ ಏನೂ ಅನ್ನಲಿಲ್ಲ. ನನಗೆ ಹೇಳಲು ವರ್ಷಗಳೇ ಬೇಕಾದವು.

ಪುಸ್ತಕ ಓದಲೇಬೇಕು, ಭಾಷೆ ಕಲಿಯಲೇಬೇಕು ಅಂತ ಹೊಸ ಹೊರೆ ಹೊತ್ತುಕೊಳ್ಳಬೇಡಿ. ನಾನು ಸುಮ್ಮನೆ ಕೂರುತ್ತೇನೆ. ಮದ್ದೂರಿನಲ್ಲಿ ಶಿಂಷೆಯಲ್ಲಿ ನೀರೆಷ್ಟಿದೆ ನೋಡುತ್ತೇನೆ. ಅವರೆಕಾಯಿ ಕಾಲದಲ್ಲಿ ಸಂಜೆ ರೈಲಿನಲ್ಲಿ ಹೆಂಗಸರು ಮಡಿಲಲ್ಲಿ ಚೀಲ ಇಟ್ಟುಕೊಂಡು ಕಾಯಿ ಸುಲಿಯುತ್ತಾರೆ. ಹೋದ ಚಳಿಗಾಲ ಎದುರು ಕೂತಿದ್ದ ಅಕ್ಕ ನನ್ನ ಮುಂದೂ ಒಂದು ಬೊಗಸೆ ಸುರಿದು, 'ಕೈ ಖಾಲಿ ಐತಲ್ಲಣ್ಣ, ಸುಲಿ' ಅಂದರು. ಮಂಡ್ಯ ಬಂದದ್ದೇ ಗೊತ್ತಾಗಲಿಲ್ಲ.

ಈಗಿನ ಪಾಸ್ ಮುಗಿಯುವ ತಾರೀಖು ನೋಡಿಕೊಳ್ಳಿ. ಕೊನೆಯ ದಿನದವರೆಗೆ ಕಾಯದೆ ನಾಲ್ಕು ದಿನ ಮುಂಚೆಯೇ ಕೌಂಟರ್‌ಗೆ ಹೋಗಿ, ಗುರುತಿನ ಚೀಟಿ ಜೊತೆಗಿರಲಿ.